ಉದ್ದನೆ ಕಾರಿಗೆ ಟಾಟಾ... ಪೋಷಕ ನಟರ ಮನೆಗೆ ಬಂತು ಪುಟ್ಟ ಹೊಸ ಕಾರು!

ಗಾಂಧಿನಗರದಲ್ಲೊಂದು ಬರೆಯದ ಕಾನೂನಿದೆ. ನಟನ ಮುಖಕ್ಕಿಂತ ಮೊದಲು ಜನ ನೋಡುವುದು ಅವನು ಇಳಿದ ಕಾರನ್ನು! ಉದ್ದನೆ ಕಾರಿನಿಂದ ಇಳಿದರೆ 'ಬಿಜಿ ಆರ್ಟಿಸ್ಟು'. ಆಟೋದಿಂದ ಇಳಿದರೆ 'ಪಾಪ, ಚಾನ್ಸಿಲ್ಲ'. ಹೀಗಿರುವಾಗ, ಹದಿನಾಲ್ಕು ವರ್ಷ ಜರ್ಮನ್ ಕಾರುಗಳಲ್ಲೇ ಮೆರೆದ ಪೋಷಕ ನಟರೊಬ್ಬರು ಪುಟ್ಟದೊಂದು ಹೊಸ ಕಾರಿನಲ್ಲಿ ಮುಹೂರ್ತಕ್ಕೆ ಬಂದಿಳಿದರೆ ಗುಸುಗುಸು ಏಳದೇ ಇದ್ದೀತೇ? "ಏನಪ್ಪಾ, ಮಾರ್ಕೆಟ್ ಡಲ್ಲಾ?" ಎಂದು ಕೇಳಿದವರೇ ಹೆಚ್ಚು. ನಿಜ ಸಂಗತಿ ಬೇರೆಯೇ ಇದೆ. "ಹೆಸರು ಮಾತ್ರ ಬೇಡ, ಕಥೆ ಧಾರಾಳವಾಗಿ ಬರೀರಿ" ಎಂದು ಅವರೇ ಅಪ್ಪಣೆ ಕೊಟ್ಟಿದ್ದಾರೆ. ಕೇಳಿ.

ಹಳೇ ಮೋಹ

ಸಿನಿಮಾ ಮಂದಿಗೂ ಯಾರೋ ಓಡಿಸಿ ಬಿಟ್ಟ ಫಾರಿನ್ ಕಾರಿಗೂ ನಂಟು ಇಂದು ನಿನ್ನೆಯದಲ್ಲ. ಕಾರು ಆಮದಿಗೆ ಸರ್ಕಾರ ಬಿಗಿ ಹಾಕಿದ್ದ ಕಾಲದಲ್ಲಿ ರಾಯಭಾರ ಕಚೇರಿಗಳವರು ಬಳಸಿದ ಕಾರುಗಳನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮಾರುತ್ತಿತ್ತು. ಬೊಂಬಾಯಿ, ಮದರಾಸಿನ ತಾರೆಯರ ಕಣ್ಣೆಲ್ಲ ಅವುಗಳ ಮೇಲೆ! ಹೊಸದೇ ಬೇಕೆಂದರೆ ಅಂಬಾಸಿಡರ್, ಫಿಯಟ್. ಅದಕ್ಕೂ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಯನ್ನು ದೆಹಲಿಯ ಹರ್ಪಾಲ್ ಸಿಂಗ್ ಅವರ ಕೈಗಿತ್ತರು. ಅಲ್ಲಿಂದಾಚೆಗೆ ಮಧ್ಯಮ ವರ್ಗದವರ ಮನೆ ಮುಂದೂ ಹೊಸ ಕಾರು ನಿಲ್ಲತೊಡಗಿತು. ಆದರೆ ಉದ್ದನೆ ಕಾರಿನ ಮೋಹ? ಅದೆಲ್ಲಿ ಹೋಗುತ್ತೆ ಸ್ವಾಮೀ!

ನಮ್ಮ ನಟರದ್ದೂ ಅದೇ ಮೋಹ. ಲೆಕ್ಕವೂ ಪಕ್ಕಾ. ಐವತ್ತು ಲಕ್ಷದ ಪೆಟ್ರೋಲ್ ಕಾರಿಗೆ ಕರ್ನಾಟಕದಲ್ಲಿ ಶೇ. 18ರಂತೆ ಒಂಬತ್ತು ಲಕ್ಷ ರೂಪಾಯಿ ಆಜೀವ ತೆರಿಗೆ, ಮೇಲೆ ಸೆಸ್ ಬೇರೆ. ಅದನ್ನೆಲ್ಲ ಕಟ್ಟುವವನು ಮೊದಲ ಮಾಲೀಕ. ಐದಾರು ವರ್ಷ ಕಳೆದರೆ ಅದೇ ಕಾರು ಅರ್ಧಕ್ಕಿಂತ ಕಡಿಮೆ ಬೆಲೆಗೆ ಕೈಗೆ ಬರುತ್ತದೆ. "ಸಾಹುಕಾರ ನಷ್ಟ ಮಾಡ್ಕೊಂಡಿರ್ತಾನೆ, ನಾವು ಸುಖ ಪಡೋದು. ಅಷ್ಟೇ ಸಾರ್ ಶಾಸ್ತ್ರ!" ಎಂದು ನಗುತ್ತಾರೆ ನಟರು.

ಹೀಗೆ ಕೊಂಡದ್ದು ಒಂದಲ್ಲ, ಮೂರು ಕಾರು. ಎರಡನೆಯದು ಬಂದದ್ದು ದೆಹಲಿಯಿಂದ. ದೆಹಲಿ ಸುತ್ತಮುತ್ತ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿ ಓಡಿಸಬಾರದೆಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿತಲ್ಲ, ಆಮೇಲೆ ಅಲ್ಲಿಯ ಕಾರುಗಳು ಅಗ್ಗವಾಗಿ ದಕ್ಷಿಣಕ್ಕೆ ಇಳಿದವು. ಆದರೆ ಅಗ್ಗದ ಕಾರಿಗೆ ಅಲ್ಲಿಂದ ಎನ್‌ಒಸಿ ತರಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು, ಆರ್‌ಟಿಒ ಕಂಬ ಸುತ್ತಬೇಕು!

ಬೆಲೆ ಇಳಿಯಿತು, ಬಿಲ್ ಇಳಿಯಲಿಲ್ಲ

ಸೆಕೆಂಡ್ ಹ್ಯಾಂಡ್ ಐಷಾರಾಮದ ಗುಟ್ಟು ಇರುವುದೇ ಇಲ್ಲಿ. ಕಾರಿನ ಬೆಲೆ ಹನ್ನೆರಡು ಲಕ್ಷಕ್ಕೆ ಇಳಿದಿರಬಹುದು. ಅದರ ಬಿಡಿಭಾಗಗಳು ಮಾತ್ರ ತಾವಿನ್ನೂ ಐವತ್ತು ಲಕ್ಷದ ಕಾರಿನವೆಂದೇ ತಿಳಿದುಕೊಂಡಿರುತ್ತವೆ! ಗಾಳಿ ತುಂಬಿದ ಸಸ್ಪೆನ್ಷನ್ ಸೋರಿತೆನ್ನಿ, ಬೆಳಿಗ್ಗೆ ಎದ್ದು ನೋಡಿದರೆ ಕಾರು ಒಂದು ಕಡೆಗೆ ಮಂಡಿಯೂರಿ ಕುಳಿತಿರುತ್ತದೆ. ಕೆಲವು ಕಾರುಗಳಿಗೆ ಸ್ಟೆಪ್ನಿಯೇ ಇಲ್ಲ. ಪಂಕ್ಚರ್ ಆದರೂ ಸುಮಾರು 80 ಕಿಲೋಮೀಟರ್ ಓಡಬಲ್ಲ ಟೈರು, ನಿಜ. ಆಮೇಲೆ? ಹೊರಾಂಗಣ ಶೂಟಿಂಗ್ ಮುಗಿಸಿ ಬರುವಾಗ ಶಿರಾ ಹತ್ತಿರ ಮಧ್ಯರಾತ್ರಿ ಲಾರಿಗೆ ಕೈ ಅಡ್ಡ ಹಾಕಿ ನಿಂತದ್ದನ್ನು ನಟರು ಇನ್ನೂ ಮರೆತಿಲ್ಲ. ಲಾರಿ ಡ್ರೈವರ್ ಗುರುತು ಹಿಡಿದು ಸೆಲ್ಫಿ ಕೇಳಿದನಂತೆ!

ಜೆ.ಸಿ. ರಸ್ತೆಯಲ್ಲಿ ಹುಡುಕಿದ್ದಾಯ್ತು, ಶಿವಾಜಿನಗರದ ಗುಜರಿಯಲ್ಲಿ ತಡಕಾಡಿದ್ದಾಯ್ತು. ನಿರ್ಮಾಪಕರ ಪೇಮೆಂಟು ಕಂತಿನಲ್ಲಿ ಬರುತ್ತಿತ್ತು, ಗ್ಯಾರೇಜಿನ ಬಿಲ್ಲು ಒಂದೇ ಏಟಿಗೆ ಬರುತ್ತಿತ್ತು.

ಹತ್ತದ ದೀಪ

ಇಷ್ಟಾದರೂ ಮೋಹ ಬಿಟ್ಟಿರಲಿಲ್ಲ. ಬಿಡಿಸಿದ್ದು ಒಂದು ಸಣ್ಣ ದೀಪ.

ಮಗಳಿಗೆ ಮಂಗಳೂರಿನಲ್ಲಿ ಕಾಲೇಜು ಸಿಕ್ಕಿತು. ಶಿರಾಡಿ ಘಾಟಿ ಇಳಿದು ಹೋಗಬೇಕು. ಹೊರಡುವ ಮುನ್ನ ಕಾರನ್ನು ಪರಿಚಯದ ಮೆಕ್ಯಾನಿಕ್‌ಗೆ ತೋರಿಸಿದರು. ಆತ ಕೀ ತಿರುಗಿಸಿ, "ಸಾರ್, ಏರ್‌ಬ್ಯಾಗ್ ದೀಪ ಹತ್ತಲೇ ಇಲ್ಲ" ಎಂದ. "ಹತ್ತದಿದ್ದರೆ ಒಳ್ಳೇದೇ ಅಲ್ವೇನಯ್ಯಾ?" ಎಂದರು ಇವರು. ಅಲ್ಲ! ಕೀ ತಿರುಗಿಸಿದ ಕೂಡಲೇ ಆ ದೀಪ ಹತ್ತಬೇಕು, ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷವಿದೆ. ಹತ್ತದೇ ಹೋದರೆ ದೋಷವನ್ನು ಯಾರೋ ಮುಚ್ಚಿಟ್ಟಿರಬಹುದು. ಡ್ಯಾಶ್‌ಬೋರ್ಡ್ ಬಿಚ್ಚಿ ನೋಡಿದರೆ ಹಾಗೇ ಆಗಿತ್ತು. ಹಿಂದಿನ ಮಾಲೀಕರಲ್ಲಿ ಯಾರೋ ದೀಪದ ಸಂಪರ್ಕವನ್ನೇ ಕಿತ್ತಿದ್ದರು. ಏರ್‌ಬ್ಯಾಗ್ ಎಂದೋ ಸತ್ತಿತ್ತು.

"ಮೂರು ವರ್ಷ ಹೆಂಡತಿ ಮಕ್ಕಳನ್ನ ಅದರಲ್ಲೇ ಕೂರಿಸ್ಕೊಂಡು ತಿರುಗಿದೀನಿ ಸಾರ್. ಚರ್ಮದ ಸೀಟು, ಹತ್ತು ಸ್ಪೀಕರ್ರು... ಎದೆ ಕಾಯೋ ಚೀಲ ಮಾತ್ರ ಇಲ್ಲ!" ಹೇಳುವಾಗ ಅವರ ದನಿ ಇಳಿಯಿತು. ಕನ್ನಡ ಚಿತ್ರರಂಗಕ್ಕೆ ರಸ್ತೆಯ ಭಯವನ್ನು ಯಾರೂ ಹೇಳಿಕೊಡಬೇಕಿಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಶಂಕರ್‌ನಾಗ್ ಅವರನ್ನು ಕಳೆದುಕೊಂಡ ಗಾಯ ಇನ್ನೂ ಮಾಯ್ದಿಲ್ಲ.

ಈ ಬಾರಿ ಸ್ಟಾರ್ ನೋಡಿದ್ದು ಕಾರಿಗೆ!

ಉದ್ದನೆ ಕಾರು ಮಾರಾಟವಾಯಿತು. ಕೊಂಡವನಿಗೆ ಏರ್‌ಬ್ಯಾಗ್ ಸಂಗತಿಯನ್ನು ಮುಚ್ಚಿಡದೆ ಹೇಳಿ, ಬೆಲೆಯಲ್ಲಿ ಅಷ್ಟು ಇಳಿಸಿಕೊಟ್ಟರು. ನಂತರ ಹೊಸ ಕಾರಿನ ಹುಡುಕಾಟ. ನಾಲ್ಕು ಮೀಟರ್ ಮೀರದ, 1200 ಸಿಸಿವರೆಗಿನ ಪೆಟ್ರೋಲ್ ಕಾರಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದದ್ದು ಅನುಕೂಲವಾಯಿತು. ಗುದ್ದಿಸಿ ಪರೀಕ್ಷೆ ಮಾಡಿ ಕಾರಿಗೆ ನಕ್ಷತ್ರ ಕೊಡುವ ಭಾರತ್ ಎನ್‌ಕ್ಯಾಪ್ ಪದ್ಧತಿ 2023ರ ಅಕ್ಟೋಬರ್‌ನಲ್ಲಿ ನಮ್ಮಲ್ಲೂ ಶುರುವಾಗಿದೆ. "ಇಷ್ಟು ದಿನ ಕಾರಿನ ಲಾಂಛನ ನೋಡ್ತಿದ್ದೆ, ಈ ಸಲ ಸ್ಟಾರ್ ಎಣಿಸಿದೆ. ಆರು ಏರ್‌ಬ್ಯಾಗ್ ಇದೆ ಸಾರ್, ಆರೂ ಬದುಕಿವೆ!"

ಎಲ್ಲವೂ ಸುಖವೆಂದು ತಿಳಿಯಬೇಡಿ. ಈಗ ತಿಂಗಳು ತಿಂಗಳೂ ಸಾಲದ ಕಂತಿದೆ. ಶೋರೂಮ್ ದಾಟಿದ ಕೂಡಲೇ ಬೆಲೆ ಇಳಿಯುವ ನಷ್ಟವೂ ಈ ಬಾರಿ ಇವರದೇ. ಹಳೆಯ ಕಾರು ಹಳ್ಳ ದಿಣ್ಣೆಯಲ್ಲಿ ತೇಲುತ್ತಿತ್ತು, ಇದು ಪ್ರತಿ ಹಳ್ಳವನ್ನೂ ಲೆಕ್ಕ ಒಪ್ಪಿಸುತ್ತದೆ. ಸ್ಟುಡಿಯೋ ಗೇಟಿನಲ್ಲಿ ಸಲ್ಯೂಟ್ ಹೊಡೆಯುತ್ತಿದ್ದ ಕಾವಲುಗಾರನೇ ಮೊನ್ನೆ ಅಡ್ಡ ನಿಂತು, "ಯಾರು ಬೇಕಿತ್ತು?" ಎಂದನಂತೆ! ಒಬ್ಬ ನಿರ್ಮಾಪಕರು ಕಾರು ನೋಡಿ ಸಂಭಾವನೆಯಲ್ಲಿ ಚೌಕಾಸಿಗೆ ಇಳಿದರಂತೆ. ಇವರು ಜಗ್ಗಲಿಲ್ಲ. "ನಟನೆ ಮಾಡೋದು ನಾನು, ಕಾರಲ್ಲ" ಎಂದು ಎದ್ದು ಬಂದರು. ಎರಡೇ ದಿನಕ್ಕೆ ಅದೇ ಕಚೇರಿಯಿಂದ ಫೋನು ಬಂತು. ಹಳೇ ಸಂಭಾವನೆಗೇ ಒಪ್ಪಿಗೆಯಾಯಿತು.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಓದುಗರೇ, ಬಣ್ಣ ನೋಡಿ, ಬೆಲೆ ಕೇಳಿ, ತಪ್ಪೇನಿಲ್ಲ. ಆದರೆ ಕೀ ತಿರುಗಿಸಿ ಮೊದಲು ಆ ದೀಪ ನೋಡಿ.

ಇನ್ನು ಈ ನಟರನ್ನು ಪುಟ್ಟ ಕಾರಿನಲ್ಲಿ ಕಂಡು 'ಮಾರ್ಕೆಟ್ ಡಲ್' ಅನ್ನುವವರಿಗೆ ಒಂದು ಮಾತು. ಅವರ ಕೈಯಲ್ಲಿ ಈಗ ಮೂರು ಚಿತ್ರಗಳಿವೆ. ಡಲ್ಲಾಗಿರುವುದು ಅವರ ಗ್ಯಾರೇಜಿನವನ ಮಾರ್ಕೆಟ್ ಮಾತ್ರ!