ಮರಳಿ ಬಂದ ಕುಪ್ಯ

ಕುಪ್ಯ ತೊಟ್ಟು, ನಡುವಿಗೆ ಕೆಂಪು ಚೇಲೆ ಬಿಗಿದು, ಪೀಚೆಕತ್ತಿ ಸಿಕ್ಕಿಸಿ ಮದುವೆಮನೆಯಲ್ಲಿ ನಿಂತ ಕೊಡವರ ಗಾಂಭೀರ್ಯವನ್ನು ಒಮ್ಮೆ ಕಂಡವರು ಮರೆಯಲಾರರು. ನೆಂಟರಿಗೆ ಕಪ್ಪು ಕುಪ್ಯ, ಮದುಮಗನಿಗೆ ಬಿಳಿಯದು. ಹಿಂದೆ ಇದಕ್ಕಾಗಿ ದರ್ಜಿಯ ಮುಂದೆ ನಿಂತು ಅಳತೆ ಕೊಡಲೇಬೇಕಾಗಿತ್ತು. ಇಂದು ಮುಂಬಯಿಯಲ್ಲಿರುವ ತರುಣನೂ ಮೊಬೈಲಿನಲ್ಲಿ ಚಿತ್ರ ನೋಡಿ, ಹಣ ಕಳುಹಿಸಿ, ಮನೆಬಾಗಿಲಿಗೇ ಅದನ್ನು ತರಿಸಿಕೊಳ್ಳಬಲ್ಲನು. ಅನುಕೂಲವೇನೋ ದೊಡ್ಡದು, ತೊಡಕು ಹುಟ್ಟುವುದು ಉಡುಪು ಮರಳಿ ಬಂದಾಗ.

ವಾಚಕರು ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಮಡಿಕೇರಿಯ ಗೃಹಿಣಿಯೊಬ್ಬರು ದರ್ಜಿಗಳಿಂದ ಕುಪ್ಯ ಹೊಲಿಸಿ, ಆನ್‌ಲೈನ್ ಮಾರಾಟತಾಣವೊಂದರ ಮೂಲಕ ಮಾರುತ್ತಾರೆ. ಮೇ ತಿಂಗಳ ಮದುವೆಗೆಂದು ಮುಂಬಯಿಗೆ ಹೋದ ಕುಪ್ಯವೊಂದು ಹತ್ತು ದಿನಗಳ ಮೇಲೆ ಹಿಂದಿರುಗುತ್ತದೆ. “ಅಕ್ಕಾ, ಭುಜ ಬಿಗಿಯಾಯಿತು. ಹಣ ಹಿಂದಿರುಗಿಸಿ” ಎಂದು ಒಕ್ಕಣೆ. ಬಿಚ್ಚಿ ನೋಡಿದರೆ ಬೆಲೆಚೀಟಿ ಇಲ್ಲ. ಕಂಕುಳಲ್ಲಿ ಬೆವರಿನ ಗುರುತು. ಮಡಿಕೆಯಲ್ಲಿ ವಧೂವರರನ್ನು ಹರಸಿದ ನಾಲ್ಕು ಅಕ್ಕಿಕಾಳು! ತೊಟ್ಟು, ಮದುವೆಯೂಟ ಉಂಡು, ಈಗ ಹಣ ಬೇಡುವುದೇ ಎಂದು ಆಕೆಗೆ ಸಿಟ್ಟು ಬಂದರೆ ಆಶ್ಚರ್ಯವಿಲ್ಲ. ಬಟ್ಟೆ, ಹೊಲಿಗೆ, ಸಾಗಾಣಿಕೆ, ಎಲ್ಲದರ ಖರ್ಚೂ ಆಕೆಯ ತಲೆಯ ಮೇಲೆ.

ಆದರೆ ಟೇಪು ಹಿಡಿದು ಅಳೆದಾಗ ಬೇರೊಂದು ಸಂಗತಿ ಹೊರಬೀಳುತ್ತದೆ. ಜಾಲಪುಟದಲ್ಲಿ ಬರೆದಿದ್ದ ಅಳತೆಗಿಂತ ಭುಜ ಅರ್ಧ ಅಂಗುಲ ಕಡಿಮೆ. ಮದುವೆಯ ಬೆಳಿಗ್ಗೆ ಕಟ್ಟು ಬಿಚ್ಚಿದ ತರುಣನಿಗೆ ಬೇರೆ ಉಡುಪಿರಲಿಲ್ಲ. ಬಿಗಿಯಾದರೂ ಅದನ್ನೇ ತೊಟ್ಟನು. ಈಗ ತಪ್ಪು ಯಾರದು?

ಕಾನೂನು ಇಬ್ಬರ ಮಾತಿಗೂ ಕಿವಿಗೊಡುತ್ತದೆ. ದೋಷವುಳ್ಳ ಅಥವಾ ವರ್ಣನೆಗೆ ಹೊಂದದ ಸರಕನ್ನು ಹಿಂದಕ್ಕೆ ಪಡೆಯಲು ಮಾರುವವರು ನಿರಾಕರಿಸಕೂಡದೆಂದು 2020ರ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ. ಅತ್ತ 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ, ಕೊಂಡವನು ಸರಕನ್ನು ತನ್ನದೆಂಬಂತೆ ಬಳಸಿದರೆ, ಇಲ್ಲವೆ ಬೇಡವೆನ್ನದೆ ಬಹುಕಾಲ ಇಟ್ಟುಕೊಂಡರೆ, ಅದನ್ನು ಒಪ್ಪಿಕೊಂಡಂತೆ. ಆದ್ದರಿಂದ ತೊಟ್ಟು ಮೆರೆದ ಮೇಲೆ ಪೂರ್ತಿ ಹಣ ಕೇಳುವ ವಾದ ದುರ್ಬಲವಾಗುತ್ತದೆ. ಹಾಗೆಂದು ಮಾರಿದವರು ಕೈತೊಳೆದುಕೊಳ್ಳುವಂತಿಲ್ಲ; ಒಪ್ಪಿಕೊಂಡ ಸರಕಿನಲ್ಲಿಯೂ ಕೊರತೆಯಿದ್ದರೆ ಅದಕ್ಕೆ ತಕ್ಕ ಪರಿಹಾರ ಕೇಳಲು ಅದೇ ಕಾಯಿದೆ ಎಡೆಗೊಟ್ಟಿದೆ.

ವ್ಯಾಜ್ಯ ಬೆಳೆದರೆ ಮಾರಾಟತಾಣದ ದೂರು ಅಧಿಕಾರಿಯು 48 ಗಂಟೆಗಳೊಳಗೆ ದೂರು ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಗ್ರಾಹಕರಿಗೆ 1915 ಎಂಬ ಸಹಾಯವಾಣಿಯೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಕೊಂಡವನು ತಾನು ವಾಸಿಸುವ ಊರಿನ ಆಯೋಗದಲ್ಲಿಯೇ ದೂರು ಹೂಡಬಹುದು. ಮಡಿಕೇರಿಯ ಗೃಹಿಣಿ ಮುಂಬಯಿಯಲ್ಲಿ ಉತ್ತರ ಹೇಳಬೇಕಾದೀತು! ಕೊಂಡವನ ಮೇಲೆ ಮಾರಿದವರು ದೂರು ಕೊಡಲು ಅಲ್ಲಿ ಅವಕಾಶವಿಲ್ಲ. ಆದ್ದರಿಂದ ಆಕೆಗೆ ಒದಗುವುದು ಮೊದಲೇ ಮಾಡಿಟ್ಟುಕೊಂಡ ದಾಖಲೆಯೊಂದೇ.

ಭುಜ, ಎದೆ, ತೋಳು, ಉದ್ದ, ಇವುಗಳ ಅಳತೆಯನ್ನು ಪ್ರತಿಯೊಂದು ಕುಪ್ಯಕ್ಕೂ ಟೇಪಿಟ್ಟು ಬರೆಯಬೇಕು. ಚೇಲೆಯ ಕೆಂಪು ದೀಪದಲ್ಲಿ ಒಂದು, ಹಗಲಿನಲ್ಲಿ ಇನ್ನೊಂದು; ಹಗಲ ಬೆಳಕಿನಲ್ಲೇ ಚಿತ್ರ ತೆಗೆಯಬೇಕು. ಕತ್ತರಿಸದೆ ತೊಡಲಾಗದ ಕಡೆ ಬೆಲೆಚೀಟಿಯನ್ನು ಹೊಲಿಯಬೇಕು. ರೈಲಿಲ್ಲದ ಕೊಡಗಿನಿಂದ ಹೊರಡುವ ಕಟ್ಟು ರಸ್ತೆಯಲ್ಲೇ ಹೋಗಬೇಕು. ಜೂನ್ ಹಿಡಿಯಿತೆಂದರೆ ಮಳೆಯ ಥಂಡಿಗೆ ಬಟ್ಟೆ ಬೂಷ್ಟು ಹಿಡಿಯುವುದು. ಕಟ್ಟುವ ಮುನ್ನ ಚಿತ್ರ ತೆಗೆದಿಟ್ಟರೆ ಕಲೆ ಎಲ್ಲಿಯದೆಂಬ ಜಗಳವಿಲ್ಲ. ಕೊಂಡವರೂ ಕಟ್ಟು ಬಿಚ್ಚುವಾಗಲೇ ಚಿತ್ರ ತೆಗೆದು, ಕೊರತೆ ಕಂಡ ದಿನವೇ ತಿಳಿಸಬೇಕು. ಮದುವೆಯ ಬೆಳಗಿನವರೆಗೆ ಕಾಯಬಾರದು.

ಮಡಿಕೇರಿಯ ಗೃಹಿಣಿ ಮುಂಬಯಿಗೆ ಫೋನು ಮಾಡುತ್ತಾರೆ. ಅಳತೆ ತಪ್ಪಿದ್ದನ್ನು ತಾವೇ ಮೊದಲು ಒಪ್ಪಿಕೊಳ್ಳುತ್ತಾರೆ. ಅಕ್ಕಿಕಾಳಿನ ಮಾತನ್ನೂ ಬಿಡುವುದಿಲ್ಲ. ಅತ್ತಣಿಂದ ನಾಚಿದ ನಗು. ಪೂರ್ತಿ ಹಣದ ಮಾತು ಅಲ್ಲಿಗೆ ನಿಲ್ಲುತ್ತದೆ. ಭುಜವನ್ನು ಬಿಚ್ಚಿ ಸರಿಪಡಿಸಿ, ಸಾಗಾಣಿಕೆಯ ವೆಚ್ಚವನ್ನು ತಾವೇ ಹೊತ್ತು ಕಳುಹಿಸಲು ಆಕೆ ಒಪ್ಪುತ್ತಾರೆ. ಬರುವ ಪುತ್ತರಿಗೆ ತರುಣನು ಅದೇ ಕುಪ್ಯವನ್ನು ತೊಡುವನು.