ಓಣಿಯ ಬೆಕ್ಕು ಫ್ಲ್ಯಾಟಿಗೆ ಬಂದಾಗ

ನಮ್ಮೂರ ಕಡೆ ಬೆಕ್ಕನ್ನು ಯಾರೂ ಕಟ್ಟಿ ಸಾಕುತ್ತಿರಲಿಲ್ಲ. ಹಿತ್ತಲ ಬಾಗಿಲಿಂದ ಬಂದು, ಅಟ್ಟದ ಮೇಲೆ ಮಲಗಿ, ಮನಸ್ಸಾದಾಗ ಹೋಗುತ್ತಿತ್ತು. ಗುಜರಾತಿಗೆ ಬಂದು ಏಳನೇ ಮಹಡಿಯಲ್ಲಿ ಬದುಕುವ ನಮಗೆ ಹಿತ್ತಲೂ ಇಲ್ಲ, ಅಟ್ಟವೂ ಇಲ್ಲ. ಆದರೂ ಸೊಸೈಟಿಯ ಪಾರ್ಕಿಂಗಿನಲ್ಲಿ ದಿನಾ ಊಟ ಹಾಕಿದ ಬೆಕ್ಕು ಕಾಲಿಗೆ ಮೈ ಉಜ್ಜಿದಾಗ ಪ್ರಶ್ನೆ ಏಳುತ್ತದೆ: ಒಳಗೆ ಕರೆದುಕೊಂಡರೆ ಇದು ಬಾಳೀತೇ?

ಎರಡು ವರ್ಷದ ಹಿಂದೆ ಅಹಮದಾಬಾದಿನ ನಮ್ಮ ಮನೆಗೆ ಬಂದ ಕಪ್ಪು ಬೆಕ್ಕಿಗೆ ಬೇರೆ ದಾರಿ ಇರಲಿಲ್ಲ. ಸ್ಕೂಟರ್ ಬಡಿದು ಹಿಂಗಾಲು ಮುರಿದಿತ್ತು. ನಾಯಿ ಅಟ್ಟಿಸಿಕೊಂಡು ಬಂದರೆ ಇನ್ನು ಮರ ಹತ್ತಲಾರದು ಎಂದರು ವೈದ್ಯರು. ಬಾಗಿಲು ಮುಚ್ಚಿದ ಮಾತ್ರಕ್ಕೆ ಬೆಕ್ಕು ಮನೆಯದಾಗುವುದಿಲ್ಲ ಎಂಬುದು ಆಗ ತಿಳಿಯಿತು. ಹೊರಗೆ ಅದಕ್ಕಿದ್ದ ಎತ್ತರ, ಬೇಟೆ, ಅಡಗುವ ಜಾಗ, ಮಣ್ಣು ಒಳಗೂ ಸಿಗಬೇಕು.

ಹೊರಗಿನ ಬದುಕೇನೂ ಸುಲಭದ್ದಲ್ಲ. 2016ರ ಮೇ ತಿಂಗಳಲ್ಲಿ ಅಹಮದಾಬಾದಿನ ಬಿಸಿಲು 48 ಡಿಗ್ರಿ ಮುಟ್ಟಿತ್ತು. 2006ರ ಆಗಸ್ಟಿನಲ್ಲಿ ತಾಪಿ ಉಕ್ಕಿ ಸೂರತ್ ಮುಳುಗಿತು. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ಉಕ್ಕಿದಾಗ ವಡೋದರದ ಬೀದಿಗಳಿಗೆ ಮೊಸಳೆಗಳೇ ಬಂದವು.

ಮೊದಲು ವೈದ್ಯರು, ಆಮೇಲೆ ಒಂದೇ ಕೋಣೆ

ಜಂತುಹುಳದ ಔಷಧಿ, ರೇಬೀಸ್ ಸೇರಿ ಲಸಿಕೆಗಳು, ಸಂತಾನಹರಣ ಶಸ್ತ್ರಚಿಕಿತ್ಸೆ, ಇವು ಮೊದಲ ಕೆಲಸ. ಶಸ್ತ್ರಚಿಕಿತ್ಸೆಯಾದ ಬೆಕ್ಕಿಗೆ ಹೊರಗೋಡುವ ತವಕ ಕಡಿಮೆ. ಗಂಡು ಬೆಕ್ಕು ಗೋಡೆಗೆ ಮೂತ್ರ ಸಿಡಿಸುವುದೂ ತಗ್ಗುತ್ತದೆ.

ಮೊದಲ ಒಂದೆರಡು ವಾರ ಇಡೀ ಮನೆ ತೋರಿಸಬೇಡಿ. ಒಂದು ಕೋಣೆ, ಅದರಲ್ಲೊಂದು ರಟ್ಟಿನ ಪೆಟ್ಟಿಗೆ ಸಾಕು. ಮಲದ ಟ್ರೇ ಊಟದ ತಟ್ಟೆಯಿಂದ ದೂರವಿರಲಿ. ಹೊರಗಿನ ಬೆಕ್ಕಿಗೆ ಗೊತ್ತಿರುವುದು ಮಣ್ಣು. ಹಾಗಾಗಿ ಟ್ರೇಯಲ್ಲಿ ಮೊದಲು ಮಣ್ಣು ಹಾಕಿ, ದಿನಕ್ಕಿಷ್ಟರಂತೆ ಅಂಗಡಿಯ ಲಿಟರ್ ಬೆರೆಸುತ್ತಾ ಹೋಗಿ. ಹಿಡಿದು ಮುದ್ದಿಸುವ ಅವಸರ ಬೇಡ. ತೆನಾಲಿ ರಾಮಕೃಷ್ಣನ ಬೆಕ್ಕು ನೆನಪಿದೆಯಲ್ಲ? ಒಮ್ಮೆ ಬಾಯಿ ಸುಟ್ಟ ಮೇಲೆ ಹಾಲು ಕಂಡರೇ ಓಡಿತು.

ರಾತ್ರಿಯ ಕೂಗು

ಬೆಕ್ಕು ಚುರುಕಾಗುವುದು ಮುಂಜಾವು ಮತ್ತು ಮುಸ್ಸಂಜೆಯಲ್ಲಿ. ಬಾಗಿಲ ಬಳಿ ಕೂಗಿದಾಗ ಒಮ್ಮೆ ತೆರೆದರೂ ಸಾಕು, ಕೂಗಿದರೆ ಬಾಗಿಲು ತೆರೆಯುತ್ತದೆಂದು ಕಲಿತುಬಿಡುತ್ತದೆ. ಮಲಗುವ ಮುನ್ನ ಹದಿನೈದು ನಿಮಿಷ ದಾರಕ್ಕೆ ಕಟ್ಟಿದ ಗರಿಯ ಹಿಂದೆ ಓಡಿಸಿ, ಆಮೇಲೆ ಊಟ ಹಾಕಿ. ಆಟ ಮುಗಿದ ಮೇಲೆ ದಾರ ಎತ್ತಿಡಿ, ನುಂಗಿದರೆ ಕಷ್ಟ. ಬೇಟೆಯಾಡಿ, ತಿಂದು, ಮಲಗುವುದು ಅದರ ಸಹಜ ಕ್ರಮ. ಸೋಫಾ ಉಳಿಯಬೇಕಾದರೆ ಸ್ಟೂಲಿನ ಕಾಲಿಗೆ ಗೋಣಿಚೀಲ ಸುತ್ತಿ. ಬೀರುವಿನ ಮೇಲೊಂದು ಹಳೆಯ ಹೊದಿಕೆ ಹಾಸಿದರೆ ಅದೇ ಅಟ್ಟ.

ಬಾಲ್ಕನಿ ಮತ್ತು ತಟ್ಟೆ

ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತದೆಂದು ಸುಮ್ಮನಿರಬೇಡಿ. ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ಬಗ್ಗೆ ನ್ಯೂಯಾರ್ಕಿನ ಪಶುವೈದ್ಯರು 1987ರಲ್ಲೇ ಬರೆದಿದ್ದಾರೆ. ಹೆಚ್ಚಿನವು ಬದುಕಿದವು, ಆದರೆ ಎದೆ, ಮುಖ, ಕಾಲುಗಳಿಗೆ ಪೆಟ್ಟು ತಿಂದು. ಪಾರಿವಾಳಕ್ಕೆಂದು ಹಾಕಿದ ತೆಳು ನೈಲಾನ್ ಬಲೆಯನ್ನು ಬೆಕ್ಕು ಕಚ್ಚಿ ಹರಿದೀತು. ಗಟ್ಟಿ ತಂತಿಬಲೆ ಹಾಕಿಸಿ.

ಊಟದ್ದು ಇಲ್ಲಿ ನಾಜೂಕಿನ ವಿಷಯ. ಸಸ್ಯಾಹಾರಿ ಸೊಸೈಟಿಯಲ್ಲಿ ಮೀನು ಬೇಯಿಸುವಂತಿಲ್ಲ. ಹಾಗೆಂದು ಮೊಸರನ್ನದಲ್ಲೇ ಬೆಕ್ಕು ಬದುಕದು. ಮಾಂಸದಲ್ಲಿರುವ ಟಾರಿನ್ ಸಿಗದಿದ್ದರೆ ಅದರ ಕಣ್ಣು, ಹೃದಯ ಎರಡೂ ಕೆಡುತ್ತವೆ. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲೂ ಜೀರ್ಣವಾಗದು. ಬೆಕ್ಕಿಗೆಂದೇ ಮಾಡಿದ ಒಣ ಆಹಾರವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಬೆಕ್ಕಿಗೂ ಕ್ಷೇಮ, ನೆರೆಹೊರೆಗೂ ಸಮಾಧಾನ.

ಎಲ್ಲ ಬೆಕ್ಕೂ ಒಳಗಿನದಲ್ಲ

ಮನುಷ್ಯರ ಕೈಯನ್ನೇ ಕಾಣದೆ ಬೆಳೆದ ಬೆಕ್ಕಿಗೆ ಮನೆ ಜೈಲಾಗುತ್ತದೆ. ಅಂಥದ್ದಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿ, ಹಿಡಿದ ಜಾಗದಲ್ಲೇ ಬಿಟ್ಟು, ಊಟ ನೀರು ಇಡುವುದೇ ಉಪಕಾರ. ಗಾಯಗೊಂಡ ಬೀದಿ ಪ್ರಾಣಿ ಕಂಡರೆ ಗುಜರಾತಿನಲ್ಲಿ 1962ಕ್ಕೆ ಕರೆ ಮಾಡಿ, ಕರುಣಾ ಆಂಬ್ಯುಲೆನ್ಸ್ ಬರುತ್ತದೆ.

ಒಳಗೆ ತರುವುದಾದರೆ ಹಬ್ಬದ ಹಿಂದಿನ ದಿನ ಬೇಡ. ದೀಪಾವಳಿಯ ಪಟಾಕಿ, ಜನವರಿ 14-15ರ ಉತ್ತರಾಯಣದ ಗದ್ದಲಕ್ಕೆ ಹಳೆಯ ಬೆಕ್ಕುಗಳೇ ಮಂಚದಡಿ ಸೇರುತ್ತವೆ.

ಕೊನೆಯ ಮಾತು ನಮ್ಮಂಥ ಹೊರನಾಡಿಗರಿಗೆ. ವರ್ಷಕ್ಕೊಮ್ಮೆ ಹದಿನೈದು ದಿನ ಊರಿಗೆ ಹೋಗುತ್ತೇವೆ. ಆಗ ಬೆಕ್ಕನ್ನು ರೈಲಿನಲ್ಲಿ ಹೊರುವುದಕ್ಕಿಂತ, ಕೀಲಿ ಕೊಟ್ಟು ಹೋಗಬಹುದಾದ ನೆರೆಯವರಿದ್ದರೆ ಒಳ್ಳೆಯದು. ನಮಗೆ ಪಕ್ಕದ ಮನೆಯ ಮಾಸಿ ಸಿಕ್ಕಿದ್ದಾರೆ. ಶುದ್ಧ ಸಸ್ಯಾಹಾರಿ. ಡಬ್ಬಿಯ ಕಡೆ ನೋಡದೆ, ಮುಖ ತಿರುಗಿಸಿಕೊಂಡೇ ದಿನಕ್ಕೆರಡು ಸಲ ಊಟ ಹಾಕುತ್ತಾರೆ.