ಹಾಪ್ಸ್ ಪ್ರಧಾನ ‘ಸೆಝೋನ್’ ಬಿಯರಿನ ರುಚಿ ಪರೀಕ್ಷೆ: ದೋಷದ ಮೂಲವನ್ನು ಗುರುತಿಸುವ ಬಗೆ

ಬೆಲ್ಜಿಯಂ ದೇಶದ ವಲೋನಿಯಾ ಪ್ರದೇಶದ ಹೊಲಮನೆಗಳಲ್ಲಿ ಚಳಿಗಾಲದಲ್ಲಿ ತಯಾರಿಸಿಟ್ಟು, ಬೇಸಿಗೆಯಲ್ಲಿ ಕೃಷಿ ಕಾರ್ಮಿಕರಿಗೆ ನೀಡುತ್ತಿದ್ದರೆಂಬ ಪ್ರತೀತಿಯುಳ್ಳ ಬಿಯರ್ ‘ಸೆಝೋನ್’. ಈ ಪದದ ಅರ್ಥ ‘ಋತು’. ತೂರ್ಪ್ ಗ್ರಾಮದ ದ್ಯುಪೋಂ ಬ್ರೂವರಿಯ ಶೇ. 6.5 ಮದ್ಯಸಾರದ ಸೆಝೋನ್ ಇಂದಿಗೂ ಈ ಬಗೆಗೆ ಮಾದರಿಯೆನಿಸಿದೆ. ಹಾಪ್ಸ್ ನಮ್ಮ ರಾಜ್ಯದ ಬೆಳೆಯಲ್ಲ. ದೇಶದಲ್ಲಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆ ಇದಕ್ಕೆ ಹೆಸರಾಗಿದೆ. ಆದರೂ ಬಿಯರಿನಲ್ಲಿ ಕಂಡುಬಂದ ದೋಷವು ಬೆಳೆಗಾರನದೋ, ತಯಾರಕನದೋ, ಮಾರಾಟಗಾರನದೋ ಎಂದು ನಿರ್ಧರಿಸುವ ಕ್ರಮವು ಕೊಯ್ಲೋತ್ತರ ಕಾರ್ಯದಲ್ಲಿ ತೊಡಗಿರುವವರೆಲ್ಲರೂ ತಿಳಿಯತಕ್ಕದ್ದಾಗಿದೆ.

ವಾಸನೆಯಿಲ್ಲದ ಶುಭ್ರವಾದ ಗಾಜಿನ ಲೋಟಕ್ಕೆ 8–10 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಸುಮಾರು 100 ಮಿ.ಲೀ. ಬಿಯರನ್ನು ಸುರಿಯಬೇಕು. ಪರಿಮಳವು ಬೇಗನೆ ಆರಿಹೋಗುವುದರಿಂದ ಬಣ್ಣ ನೋಡುವ ಮೊದಲೇ ಮೂಸುವುದು ಒಳಿತು. ಹುಲ್ಲು, ಹೂವು ಅಥವಾ ನಿಂಬೆಸಿಪ್ಪೆಯ ವಾಸನೆಯು ಹಾಪ್ಸ್‌ನದು. ಕಾಳುಮೆಣಸು, ಲವಂಗಗಳನ್ನು ಹೋಲುವ ಘಾಟು ಯೀಸ್ಟ್‌ನದು. ಈ ಘಾಟು ಬೇರೆ ಹಲವು ಬಿಯರುಗಳಲ್ಲಿ ದೋಷ, ಇಲ್ಲಿ ಗುಣ. ಬಿಳಿಯ ದಟ್ಟ ನೊರೆ ನಿಲ್ಲಬೇಕು. ಬಣ್ಣ ತುಸು ಮಸುಕಾಗಿದ್ದರೆ ಅಂಕ ಕಳೆಯಬಾರದು. ಗುಟುಕು ನುಂಗಿದ ಬಳಿಕ ಕಹಿ ಉಳಿದು ನಾಲಿಗೆ ಒಣಗಿದಂತಾಗಬೇಕು. ಸಿಹಿಯೇ ಉಳಿದರೆ ಹುದುಗುವಿಕೆ ಪೂರ್ಣವಾಗಿಲ್ಲವೆಂದು ತಿಳಿಯಬಹುದು.

ಹಳೆಯ ಚೀಸ್ ಅಥವಾ ಬೆವರಿದ ಕಾಲುಚೀಲದಂತಹ ವಾಸನೆ ಬಂದರೆ ಮೊದಲು ಹಾಪ್ಸ್ ಪರಿಶೀಲಿಸಬೇಕು. ಹಾಪ್ಸ್‌ನ ಕಹಿ ಆಮ್ಲಗಳು ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಐಸೋವಲೇರಿಕ್ ಆಮ್ಲ ಉಂಟಾಗುವುದೇ ಇದಕ್ಕೆ ಕಾರಣ. ಕೊಯ್ಲಿನ ವೇಳೆ ಹಾಪ್ಸ್ ಹೂಗೊಂಚಲಿನಲ್ಲಿ ಶೇ. 75–80ರಷ್ಟು ತೇವಾಂಶವಿರುತ್ತದೆ. ಅದನ್ನು ತಡಮಾಡದೆ ಶೇ. 8–10ಕ್ಕೆ ಇಳಿಸಿ, ಒತ್ತಿ ಕಟ್ಟಿ, ಗಾಳಿಯಾಡದಂತೆ ಶೀತಲಗೃಹದಲ್ಲಿಡಬೇಕು. ಒಣಗಿಸುವ ಮನೆಯಲ್ಲಿ ಶಾಖ ಮಿತಿಮೀರಿದರೆ ಪರಿಮಳ ತೈಲವೇ ಹಾರಿಹೋಗುತ್ತದೆ. ಏಲಕ್ಕಿ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಇದಕ್ಕೆ ವಿರುದ್ಧವಾಗಿ, ಸ್ಕಂಕ್ ಎಂಬ ಪ್ರಾಣಿಯ ದುರ್ನಾತವನ್ನು ಹೋಲುವ ವಾಸನೆಯು ಬೆಳಕು ತಗುಲಿದ ಬಾಟಲಿಯದು. ಹಸಿರು ಅಥವಾ ಬಣ್ಣವಿಲ್ಲದ ಗಾಜಿನಲ್ಲಿ ಇದು ಸುಲಭವಾಗಿ ಸಂಭವಿಸುತ್ತದೆ. ಇದರಲ್ಲಿ ಬೆಳೆಗಾರನ ತಪ್ಪಿಲ್ಲ. ಒದ್ದೆ ರಟ್ಟಿನ ವಾಸನೆಯು ತಯಾರಾದ ಬಿಯರಿಗೆ ಗಾಳಿ ಸೇರಿದ್ದರ ಗುರುತು. ಬೇಯಿಸಿದ ಜೋಳದ ವಾಸನೆಗೆ ಬೀಜ ಮಾಲ್ಟ್‌ನಲ್ಲಿದ್ದರೂ, ಅದನ್ನು ಹೊರಹಾಕುವಷ್ಟು ಕುದಿಸದಿರುವುದು ತಯಾರಕನ ಲೋಪ.

ಸಂದೇಹ ಉಳಿದಲ್ಲಿ ಅದೇ ಕಂತಿನ ಹಾಪ್ಸ್ ಅನ್ನು ಅಂಗೈಯಲ್ಲಿ ಉಜ್ಜಿ, ಹೊರಬರುವ ಹಳದಿ ಪುಡಿಯನ್ನು ಮೂಸಿ ನೋಡಬೇಕು. ಆದ್ದರಿಂದ ಬೆಳೆಗಾರರು ಮಾರಾಟದ ಪ್ರತಿ ಕಂತಿನಿಂದಲೂ ಒಂದು ಹಿಡಿಯಷ್ಟು ಮಾದರಿಯನ್ನು ದಿನಾಂಕ ಬರೆದು, ಮೊಹರು ಮಾಡಿ, ಫ್ರೀಜರಿನಲ್ಲಿ ತಮ್ಮಲ್ಲಿಯೇ ಉಳಿಸಿಕೊಳ್ಳತಕ್ಕದ್ದು.